ಗೆಳೆತನದ ಲೆಕ್ಕಪತ್ರ

(ಡೊಂಬಿವಲಿಯಲ್ಲಿ ಸೇರಿದ್ದ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಚೀನ ಪ್ರಭುತ್ವವು ಮಾಧ್ಯಮಗಳ ಮೂಲಕ, ಹೊರದೇಶಗಳ ಸಂಸ್ಥೆಗಳೊಡನೆ ಮಾಡಿಕೊಳ್ಳುವ ಒಪ್ಪಂದಗಳ ಮೂಲಕ ತನ್ನ ಪ್ರಭಾವವನ್ನು ಹೇಗೆ ಹರಡುತ್ತದೆ ಎಂಬುದನ್ನು ಕುರಿತು ಮಾತನಾಡುವುದೆಂದು ಗೊತ್ತಾದಾಗ ಹಿರಿಯರೊಬ್ಬರು ನನ್ನನ್ನು ಕೇಳಿದರು: "ನಮ್ಮ ಸಂಘಕ್ಕೂ ಚೀನಕ್ಕೂ ಎಲ್ಲಿಯ ಸಂಬಂಧ? ಅದು ದಿಲ್ಲಿಯವರು ನೋಡಿಕೊಳ್ಳಬೇಕಾದ ವಿಚಾರವಲ್ಲವೆ?" ಪ್ರಶ್ನೆ ನ್ಯಾಯವಾದುದೇ. ದಿನವೂ ಬೆಳಗ್ಗೆ ಗಾಡಿ ಹಿಡಿದು ಮುಂಬಯಿಗೆ ಹೋಗಿ, ರಾತ್ರಿ ದಣಿದು ಮರಳುವ ನಮಗೆ ಬೀಜಿಂಗಿನ ಹವ್ಯಾಸವೇಕೆ ಎಂದು ಯಾರಿಗಾದರೂ ಅನ್ನಿಸಬಹುದು. ಈ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ನನ್ನ ಮಾತುಗಳನ್ನು ಮುಂದುವರಿಸುತ್ತೇನೆ.

ಮೊದಲು ಕಣ್ಣಿಗೆ ಕಾಣುವುದನ್ನು ನೋಡೋಣ. 2023ರ ನವೆಂಬರ್ 17ರಂದು ಬೇಲಾಪುರದಿಂದ ಪೇಂಧರಿಗೆ ಓಡತೊಡಗಿದ ನವಿಮುಂಬಯಿ ಮೆಟ್ರೊದ ಬೋಗಿಗಳನ್ನು ಒದಗಿಸಿದ್ದು ಚೀನ ಸರ್ಕಾರದ ಒಡೆತನದ ಸಿ.ಆರ್.ಆರ್.ಸಿ. ಎಂಬ ಕಂಪನಿ ಸಮೂಹ. 2025ರ ಆಗಸ್ಟ್ 10ರಂದು ಬೆಂಗಳೂರಿನಲ್ಲಿ ಆರಂಭವಾದ ಹಳದಿ ಮಾರ್ಗದ ಬೋಗಿಗಳ ಗುತ್ತಿಗೆಯೂ ಅದೇ ಸಮೂಹಕ್ಕೆ ಸಂದಿತ್ತು. ಖಾರ್ಘರಿನಲ್ಲಿರುವ ಅಣ್ಣನೂ ಬೊಮ್ಮಸಂದ್ರದಲ್ಲಿರುವ ತಂಗಿಯೂ ಒಂದೇ ಸಮೂಹ ಗುತ್ತಿಗೆ ಪಡೆದ ಗಾಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಾರೆ. ಇದರಲ್ಲಿ ಗಾಬರಿಪಡುವಂಥದ್ದೇನೂ ಇಲ್ಲ. ಬೋಗಿಗೆ ಒಂದು ಬೆಲೆಯಿದೆ, ಒಂದು ಗುತ್ತಿಗೆ ಪತ್ರವಿದೆ, ಕೆಟ್ಟರೆ ಕೇಳುವವರಿದ್ದಾರೆ. ಸರಕಿನ ವ್ಯಾಪಾರ ಬಹುಮಟ್ಟಿಗೆ ಬಯಲಿನಲ್ಲಿ ನಡೆಯುತ್ತದೆ. ಆದರೆ ಮಾತಿನ ವ್ಯಾಪಾರ ಹಾಗಲ್ಲ. ಬೆಲೆಯನ್ನು ಯಾರು ತೆತ್ತರು, ಯಾವುದಕ್ಕೆ ತೆತ್ತರು ಎಂಬುದು ಅಲ್ಲಿ ಕೇಳುಗನಿಗೆ ತಿಳಿಯದಂತಿರುತ್ತದೆ. ನಾನು ಈ ಹೊತ್ತು ಹೇಳಬೇಕೆಂದಿರುವುದು ಆ ಎರಡನೆಯ ವ್ಯಾಪಾರವನ್ನು ಕುರಿತು.

ಚೀನ ಪ್ರಭುತ್ವ ನಮ್ಮ ದೇಶದ ಜನರೊಡನೆ ಅವರವರ ಭಾಷೆಯಲ್ಲಿ ಮಾತನಾಡುವುದು ಹೊಸತಲ್ಲ. ಪೀಕಿಂಗ್ ರೇಡಿಯೊ 1959ರಲ್ಲಿ ಹಿಂದಿಯಲ್ಲಿ, 1963ರಲ್ಲಿ ತಮಿಳಿನಲ್ಲಿ ಪ್ರಸಾರ ಆರಂಭಿಸಿತು. ಎರಡನೆಯ ವರ್ಷವನ್ನು ಗಮನಿಸಿ: 1962ರ ಯುದ್ಧ ಮುಗಿದು ಒಂದು ವರ್ಷವೂ ತುಂಬಿರಲಿಲ್ಲ. ತಮಿಳುನಾಡಿನ ಸಣ್ಣ ಸಣ್ಣ ಊರುಗಳಲ್ಲಿ ಈ ಪ್ರಸಾರಕ್ಕೆ ಕೇಳುಗರ ಕೂಟಗಳು ಹುಟ್ಟಿಕೊಂಡವು. ಪತ್ರ ಬರೆದರೆ ಉತ್ತರ ಬರುತ್ತಿತ್ತು. ಕ್ಯಾಲೆಂಡರುಗಳೂ ಚಿತ್ರಗಳೂ ಬರುತ್ತಿದ್ದವು. ಸ್ವಂತ ದೇಶದ ಅಧಿಕಾರಿಗೆ ಬರೆದ ಅರ್ಜಿಗೆ ಉತ್ತರ ಕಾಣದ ಮನುಷ್ಯನಿಗೆ ಸಾವಿರಾರು ಮೈಲಿ ದೂರದಿಂದ ತನ್ನ ತಾಯಿನುಡಿಯಲ್ಲೇ ಉತ್ತರ ಬಂದಾಗ ಆಗುವ ಸಂತೋಷವನ್ನು ನಾವು ಹಗುರವಾಗಿ ಕಾಣಬಾರದು. ಹೊರನಾಡಿನಲ್ಲಿ ಬದುಕುವ ನಮಗಂತೂ ಆ ಸಂತೋಷದ ರುಚಿ ಚೆನ್ನಾಗಿ ಗೊತ್ತು. ಅಪರಿಚಿತನ ಬಾಯಲ್ಲಿ ಒಂದು ಕನ್ನಡ ಮಾತು ಕೇಳಿದರೆ ಸಾಕು, ನಾವು ಅವನಿಗೆ ಕೂರಲು ಜಾಗ ಕೊಡುತ್ತೇವೆ.

ಈ ರೇಡಿಯೊ ತನ್ನ ಒಡೆಯನ ಹೆಸರನ್ನು ಮರೆಮಾಚಲಿಲ್ಲ. ಕೇಳುಗನಿಗೆ ಮಾತನಾಡುತ್ತಿರುವವರು ಯಾರೆಂಬುದು ತಿಳಿದಿತ್ತು. ಬ್ರಿಟನ್ನಿನ ಬಿ.ಬಿ.ಸಿ. ಇದೆಯಲ್ಲ, ಅಮೆರಿಕದ ಸರ್ಕಾರಿ ಪ್ರಸಾರಗಳಿವೆಯಲ್ಲ ಎಂದು ಯಾರಾದರೂ ಕೇಳಿದರೆ ಆ ಮಾತಿನಲ್ಲಿ ಹುರುಳಿದೆ. ದೊಡ್ಡ ದೇಶಗಳೆಲ್ಲವೂ ಹೊರಗಿನವರ ಕಿವಿಗೆ ಆಸೆಪಟ್ಟಿವೆ. ವ್ಯತ್ಯಾಸವನ್ನು ಅಳೆಯಲು ಒಂದೇ ಅಳತೆಗೋಲು: ಆ ಬಾನುಲಿ ತನ್ನನ್ನು ಸಾಕುವ ಸರ್ಕಾರವನ್ನು ಬೈಯಬಲ್ಲುದೆ? 2003ರಲ್ಲಿ ಇರಾಕ್ ಯುದ್ಧದ ಸಂದರ್ಭದಲ್ಲಿ ಬಿ.ಬಿ.ಸಿ.ಗೂ ಬ್ರಿಟಿಷ್ ಸರ್ಕಾರಕ್ಕೂ ಬಹಿರಂಗವಾಗಿಯೇ ಜಗಳವಾಯಿತು. ಚೀನದ ಪ್ರಸಾರದಲ್ಲಿ ಅಂಥ ಜಗಳಕ್ಕೆ ಆಸ್ಪದವೇ ಇಲ್ಲ. 2016ರ ಫೆಬ್ರವರಿಯಲ್ಲಿ ಅಧ್ಯಕ್ಷ ಷಿ ಜಿನ್‌ಪಿಂಗ್ ಅವರು ಅಲ್ಲಿನ ಮೂರು ಪ್ರಮುಖ ಸುದ್ದಿಸಂಸ್ಥೆಗಳಿಗೆ ಸ್ವತಃ ಭೇಟಿ ನೀಡಿ, ಮಾಧ್ಯಮಗಳು ಪಕ್ಷದ ಮನೆತನಕ್ಕೆ ಸೇರಿದವೆಂಬ ಅರ್ಥದ ಮಾತುಗಳನ್ನಾಡಿದರು. 2018ರಲ್ಲಿ ದೇಶದ ರೇಡಿಯೊ, ಟೆಲಿವಿಷನ್, ವಿದೇಶಿ ಪ್ರಸಾರಗಳನ್ನು ಒಂದೇ ಸಂಸ್ಥೆಯಾಗಿ ಕೂಡಿಸಿ ಪಕ್ಷದ ಪ್ರಚಾರ ವಿಭಾಗದ ಕೈಕೆಳಗೆ ತರಲಾಯಿತು. 2021ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಪ್ರಸಾರ ನಿಯಂತ್ರಣ ಮಂಡಳಿಯು ಚೀನದ ಇಂಗ್ಲಿಷ್ ವಾಹಿನಿಯ ಪರವಾನಗಿಯನ್ನು ರದ್ದುಪಡಿಸಿದ್ದು, ಸಂಪಾದಕೀಯ ಹೊಣೆ ಪರವಾನಗಿ ಪಡೆದವರ ಕೈಯಲ್ಲಿಲ್ಲ ಎಂಬ ಕಾರಣದಿಂದಲೇ.

ಸ್ವಂತ ಹೆಸರಿನಲ್ಲಿ ಆಡುವ ಮಾತಿಗಿಂತ ಹೆಚ್ಚು ಸೂಕ್ಷ್ಮವಾದುದು ಬಾಡಿಗೆಯ ಬಾಯಲ್ಲಿ ಆಡಿಸುವ ಮಾತು. 2015ರ ನವೆಂಬರಿನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆಯು ಒಂದು ತನಿಖಾ ವರದಿಯನ್ನು ಪ್ರಕಟಿಸಿತು. 14 ದೇಶಗಳಲ್ಲಿ ಕನಿಷ್ಠ 33 ರೇಡಿಯೊ ಕೇಂದ್ರಗಳು ಚೀನದ ಸರ್ಕಾರಿ ಬಾನುಲಿಯ ಕಾರ್ಯಕ್ರಮಗಳನ್ನು ಪ್ರಸಾರ ಮಾಡುತ್ತಿದ್ದವು. ನಡುವೆ ಸ್ಥಳೀಯ ಕಂಪನಿಗಳ ತೆರೆ ಇದ್ದುದರಿಂದ ಒಡೆತನದ ಮೂಲ ಕೇಳುಗರ ಕಣ್ಣಿಗೆ ಬೀಳುತ್ತಿರಲಿಲ್ಲ. ಲಂಡನ್ನಿನ, ವಾಷಿಂಗ್ಟನ್ನಿನ ಹೆಸರಾಂತ ದಿನಪತ್ರಿಕೆಗಳು ಚೀನದ ಸರ್ಕಾರಿ ಪತ್ರಿಕೆ ಸಿದ್ಧಪಡಿಸಿದ ಪುರವಣಿಗಳನ್ನು ಹಣ ಪಡೆದು ವರ್ಷಗಟ್ಟಲೆ ಹಂಚಿದವು. ನಮ್ಮಲ್ಲಿಯೂ, ಗಲ್ವಾನ್ ಕಣಿವೆಯಲ್ಲಿ 20 ಮಂದಿ ಭಾರತೀಯ ಯೋಧರು ಮಡಿದ ವರ್ಷವೇ, 2020ರ ಅಕ್ಟೋಬರ್ 1ರಂದು, 'ದಿ ಹಿಂದೂ' ಪತ್ರಿಕೆಯಲ್ಲಿ ಚೀನದ ರಾಷ್ಟ್ರೀಯ ದಿನದ ಪುಟದಗಲದ ಜಾಹೀರಾತು ಬಂದು ವಿವಾದವಾಯಿತು. ಜಾಹೀರಾತನ್ನು ಜಾಹೀರಾತೆಂದು ಗುರುತಿಸಿ ಅಚ್ಚುಹಾಕುವುದು ಕಾನೂನಿನ ದೃಷ್ಟಿಯಿಂದ ಅಪರಾಧವೇನಲ್ಲ. ಆದರೆ ವರಮಾನ ಕುಗ್ಗುತ್ತಿರುವ ಪತ್ರಿಕೆಗೆ ಆ ಪುಟದ ಹಣ ಅನಿವಾರ್ಯವಾಗುತ್ತ ಹೋದಂತೆ ಮರುದಿನದ ಸಂಪಾದಕೀಯವನ್ನು ಬರೆಯುವವರ ಕೈ ಒಂದು ಕ್ಷಣ ತಡೆಯುವುದಿಲ್ಲವೆ? ಪ್ರಭಾವವೆಂದರೆ ಆ ಒಂದು ಕ್ಷಣದ ತಡೆ. ಅದಕ್ಕೆ ಸಾಕ್ಷಿ ಸಿಗುವುದಿಲ್ಲ, ದಾಖಲೆ ಉಳಿಯುವುದಿಲ್ಲ.

ಇನ್ನು ಕನ್ನಡದ ಮಾತಿಗೆ ಬರೋಣ. ಕೆಲವೇ ವರ್ಷಗಳ ಹಿಂದೆ ನಮ್ಮ ಕೈಯಲ್ಲಿರುವ ಮೊಬೈಲಿನಲ್ಲಿ ಕನ್ನಡ ಓದು, ಕನ್ನಡ ಹಾಡು, ಕನ್ನಡ ಹಾಸ್ಯ ಧಾರಾಳವಾಗಿ ಹರಿಯತೊಡಗಿತು. ಅದರ ದೊಡ್ಡ ಪಾಲು ಬಂದದ್ದು ಮೂರು ದಾರಿಗಳಿಂದ. ಅಲಿಬಾಬಾ ಸಮೂಹದ ಯುಸಿ ನ್ಯೂಸ್ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಸುದ್ದಿ ಒದಗಿಸುತ್ತಿತ್ತು. ಬೈಟ್‌ಡಾನ್ಸ್ ಕಂಪನಿ 2018ರಲ್ಲಿ ಭಾರತೀಯ ಭಾಷೆಗಳಿಗೆಂದೇ 'ಹೆಲೋ' ಎಂಬ ವೇದಿಕೆಯನ್ನು ತೆರೆಯಿತು. ಅದೇ ಕಂಪನಿಯ ಟಿಕ್‌ಟಾಕ್ ಬಗ್ಗೆ ನಾನು ಹೇಳಬೇಕಾದುದಿಲ್ಲ. ನಿಷೇಧದ ವೇಳೆಗೆ ಭಾರತದಲ್ಲಿ ಅದಕ್ಕೆ ಸುಮಾರು 20 ಕೋಟಿ ಬಳಕೆದಾರರಿದ್ದರೆಂದು ಅಂದಾಜು. ಇಂಗ್ಲಿಷ್ ಬಾರದವರೂ, ಪಟ್ಟಣದವರ ಕಣ್ಣಿಗೆ ಬೀಳದವರೂ ಅಲ್ಲಿ ಹಾಡಿದರು, ಕುಣಿದರು, ಊರಿನ ಮಾತನ್ನು ಊರಿನ ಧಾಟಿಯಲ್ಲೇ ಆಡಿದರು. ಕಲ್ಯಾಣದ ಲೋಕಲ್ ಗಾಡಿಯಲ್ಲಿ ಕಿಟಕಿಗೊರಗಿ ಕಲಬುರಗಿಯ ಕನ್ನಡ ಕೇಳಿಸಿಕೊಳ್ಳುತ್ತಿದ್ದ ಹುಡುಗರನ್ನು ನಾನು ಕಂಡಿದ್ದೇನೆ. ನಮ್ಮ ಸಂಘಗಳು ಹತ್ತಾರು ವರ್ಷ ಪ್ರಯತ್ನಿಸಿಯೂ ತಲುಪಲಾಗದ ಕಿವಿಗಳನ್ನು ಆ ಕಂಪನಿಗಳು ಒಂದೆರಡು ವರ್ಷಗಳಲ್ಲಿ ತಲುಪಿದವು. ಕನ್ನಡದ ಹಿತೈಷಿಗಳೆನ್ನಿಸಿಕೊಂಡ ನಮಗೆ ಇದು ಯೋಚಿಸಬೇಕಾದ ವಿಷಯ.

ಆದರೆ ಅಲ್ಲಿ ಆಡಬಾರದ ಮಾತುಗಳೂ ಇದ್ದವು. 2019ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ 'ಗಾರ್ಡಿಯನ್' ಪತ್ರಿಕೆಯು ಟಿಕ್‌ಟಾಕಿನ ಒಳಗಿನ ಸೂಚನೆಗಳನ್ನು ಬಯಲುಮಾಡಿತು: ತಿಯಾನನ್ಮೆನ್ ಚೌಕದ ಘಟನೆ, ಟಿಬೆಟಿನ ಸ್ವಾತಂತ್ರ್ಯ, ಫಾಲುನ್ ಗಾಂಗ್ ಪಂಥ ಇವುಗಳ ಪ್ರಸ್ತಾಪವನ್ನು ಅಳಿಸಬೇಕು ಇಲ್ಲವೆ ಮರೆಮಾಡಬೇಕು ಎಂದು ಆ ಸೂಚನೆಗಳು ಹೇಳುತ್ತಿದ್ದವು. ಅವು ಹಳೆಯವು, ಈಗ ಬಳಕೆಯಲ್ಲಿಲ್ಲ ಎಂದು ಕಂಪನಿ ಸಮಜಾಯಿಷಿ ನೀಡಿತು. 2020ರ ಜುಲೈಯಲ್ಲಿ, ಯುಸಿ ವೆಬ್ ಕಂಪನಿಯ ಭಾರತದ ಮಾಜಿ ಉದ್ಯೋಗಿಯೊಬ್ಬರು ಚೀನಕ್ಕೆ ಅಪ್ರಿಯವಾದ ಸುದ್ದಿಗಳನ್ನು ತಡೆಯಲಾಗುತ್ತಿತ್ತು ಎಂದು ಗುರುಗ್ರಾಮದ ನ್ಯಾಯಾಲಯದಲ್ಲಿ ದೂರು ಹೂಡಿದರು. ಅದು ಆರೋಪ, ಆರೋಪವೆಂದೇ ಹೇಳುತ್ತಿದ್ದೇನೆ. ಆದರೂ ಇದರ ಸ್ವರೂಪವನ್ನು ಗಮನಿಸಬೇಕು. ಕನ್ನಡ ಓದುಗನ ಮುಂದೆ ಯಾರೂ ಚೀನದ ಸ್ತುತಿಪಾಠ ಮಾಡಲಿಲ್ಲ. ಅವನ ಮುಂದೆ ಸಿನಿಮಾ ಇತ್ತು, ಕ್ರಿಕೆಟ್ ಇತ್ತು, ರಾಶಿಫಲ ಇತ್ತು. ಯಾವುದು ಇರಲಿಲ್ಲ ಎಂಬುದು ಮಾತ್ರ ಅವನಿಗೆ ತಿಳಿಯುವಂತಿರಲಿಲ್ಲ. ಸುಳ್ಳನ್ನು ಹಿಡಿಯುವುದಕ್ಕೆ ದಾರಿಗಳಿವೆ. ಮೌನವನ್ನು ಹಿಡಿಯುವುದು ಹೇಗೆ?

2020ರ ಜೂನ್ 29ರಂದು ಕೇಂದ್ರ ಸರ್ಕಾರ ಈ ಮೂರನ್ನೂ ಒಳಗೊಂಡಂತೆ 59 ಚೀನೀ ಆ್ಯಪುಗಳನ್ನು ನಿಷೇಧಿಸಿತು. ಒಂದೇ ರಾತ್ರಿಯಲ್ಲಿ ಆ ಹುಡುಗರ ಹಾಡೂ ಅಳಿಸಿಹೋಯಿತು, ಅವರು ಗಳಿಸಿದ್ದ ಅಭಿಮಾನಿಗಳೂ ಚದುರಿಹೋದರು. ಆ ಸ್ಥಳವನ್ನು ಅಮೆರಿಕದ ಕಂಪನಿಗಳೂ ಕೆಲವು ದೇಶೀ ಕಂಪನಿಗಳೂ ತುಂಬಿಕೊಂಡವು. ನಿಷೇಧ ಸರಿಯೋ ತಪ್ಪೋ ಎಂಬ ಚರ್ಚೆಯನ್ನು ನಾನಿಲ್ಲಿ ಎತ್ತಿಕೊಳ್ಳುವುದಿಲ್ಲ. ನನ್ನ ಪ್ರಶ್ನೆ ಬೇರೆ: ಕನ್ನಡದ ಮಾತು ಅಂದು ಬಾಡಿಗೆ ಮನೆಯಲ್ಲಿತ್ತು, ಇಂದೂ ಬಾಡಿಗೆ ಮನೆಯಲ್ಲೇ ಇದೆ, ಮನೆಯೊಡೆಯನಷ್ಟೇ ಬದಲಾಗಿದ್ದಾನೆ. ಹಳೆಯ ಒಡೆಯನ ಮೌನಗಳು ಯಾವುವೆಂದು ನಮಗೆ ತಡವಾಗಿ ತಿಳಿಯಿತು. ಹೊಸ ಒಡೆಯನ ಮೌನಗಳು ಯಾವುವೆಂದು ಯಾರು ಕೇಳುತ್ತಿದ್ದಾರೆ?

ಮಾಧ್ಯಮದ ಜೊತೆಗೆ ಇನ್ನೊಂದು ದಾರಿಯಿದೆ. ಅದು ಒಪ್ಪಂದಗಳ ದಾರಿ. 2013ರ ಅಕ್ಟೋಬರಿನಲ್ಲಿ ಬೆಂಗಳೂರು ಮತ್ತು ಚೀನದ ಚೆಂಗ್ದು ಸೋದರ ನಗರಗಳೆಂದು ಸಹಿಯಾಯಿತು. 2014ರ ಸೆಪ್ಟೆಂಬರಿನಲ್ಲಿ ಮುಂಬಯಿ ಮತ್ತು ಶಾಂಘೈ ನಗರಗಳ ಸರದಿ. 2015ರ ಮೇ ತಿಂಗಳಿನಲ್ಲಿ ಕರ್ನಾಟಕ ರಾಜ್ಯವೂ ಸಿಚುವಾನ್ ಪ್ರಾಂತವೂ ಸೋದರರಾದವು. ಅದೇ ಹೊತ್ತಿಗೆ ಮಹಾರಾಷ್ಟ್ರದ ಔರಂಗಾಬಾದ್, ಇಂದಿನ ಛತ್ರಪತಿ ಸಂಭಾಜಿನಗರ, ಗುಹಾಚಿತ್ರಗಳ ಊರಾದ ದುನ್‌ಹುಆಂಗ್‌ನೊಡನೆ ಜೊತೆಯಾಯಿತು. ಆ ಪ್ರಕಾರ ನೋಡಿದರೆ ಕರ್ನಾಟಕದಲ್ಲಿ ಹುಟ್ಟಿ ಮುಂಬಯಿಯಲ್ಲಿ ದುಡಿಯುವ ನಮ್ಮಂಥವರು ಚೀನಕ್ಕೆ ಎರಡು ಕಡೆಯಿಂದ ಸೋದರರು! ನಿಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತಿತ್ತು? ಗೊತ್ತಿಲ್ಲದಿರುವುದು ನಿಮ್ಮ ತಪ್ಪಲ್ಲ. ಜನರನ್ನು ಕೇಳದೆ ಜನರ ಹೆಸರಿನಲ್ಲಿ ಆಗುವ ಗೆಳೆತನಗಳ ಸ್ವಭಾವವೇ ಹಾಗೆ. ಎರಡು ಪ್ರಭುತ್ವಗಳಿಗೆ ಬೇಕಾದಾಗ ಅವು ಹೊಳೆಯುತ್ತವೆ, ಬೇಡವಾದಾಗ ಕಡತದೊಳಗೆ ಮಲಗುತ್ತವೆ. 2020ರ ಜೂನಿನಲ್ಲಿ ಮಹಾರಾಷ್ಟ್ರ ಸರ್ಕಾರ ಮೂರು ಚೀನೀ ಕಂಪನಿಗಳೊಡನೆ ಮಾಡಿಕೊಂಡ ಸುಮಾರು 5,000 ಕೋಟಿ ರೂಪಾಯಿಗಳ ಒಪ್ಪಂದಗಳು ಗಲ್ವಾನಿನ ಸುದ್ದಿ ಬರುತ್ತಲೇ ತಡೆಹಿಡಿಯಲ್ಪಟ್ಟದ್ದು ನಿಮಗೆ ನೆನಪಿರಬಹುದು.

ಒಪ್ಪಂದಗಳಲ್ಲೆಲ್ಲ ನನಗೆ ಹೆಚ್ಚು ಬೋಧಪ್ರದವಾಗಿ ಕಂಡದ್ದು ನಮ್ಮ ಮಕ್ಕಳು ಓದುವ ಮುಂಬಯಿ ವಿಶ್ವವಿದ್ಯಾಲಯದ್ದೇ. ಥಾಣೆ, ಕಲ್ಯಾಣ, ಡೊಂಬಿವಲಿಗಳ ಅನೇಕ ಕಾಲೇಜುಗಳು ಈ ವಿಶ್ವವಿದ್ಯಾಲಯಕ್ಕೆ ಸೇರಿದವು. ಅಲ್ಲಿ 1978ರಲ್ಲಿ ಕನ್ನಡ ವಿಭಾಗ ಆರಂಭವಾಯಿತು. 2013ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ, ತಿಯಾಂಜಿನ್ ತಾಂತ್ರಿಕ ವಿಶ್ವವಿದ್ಯಾಲಯದ ಸಹಭಾಗಿತ್ವದಲ್ಲಿ, ಚೀನೀ ಭಾಷೆ ಕಲಿಸುವ ಕನ್‌ಫ್ಯೂಷಿಯಸ್ ಸಂಸ್ಥೆ ತೆರೆಯಿತು. ಎರಡೂ ಮೇಲುನೋಟಕ್ಕೆ ಒಂದೇ: ಬೇರೆ ನಾಡಿನ ಭಾಷೆಯನ್ನು ಇಲ್ಲಿ ಕಲಿಸುವುದು. ಆದರೆ ಕನ್ನಡ ವಿಭಾಗ ವಿಶ್ವವಿದ್ಯಾಲಯದ್ದೇ ಅಂಗ. ಅದರ ಪಾಠಪಟ್ಟಿಗೆ ಒಪ್ಪಿಗೆ ಸಿಗುವುದು ಇಲ್ಲಿ. ಕರ್ನಾಟಕದ ಯಾವ ಮಂತ್ರಿಯೂ ಅಲ್ಲಿ ಇಂಥ ಕಾದಂಬರಿಯನ್ನು ಓದಿಸಬೇಡಿ ಎಂದು ಆಜ್ಞೆ ಮಾಡಲಾರ. 2004ರಲ್ಲಿ ಸಿಯೋಲ್ ನಗರದಲ್ಲಿ ಮೊದಲುಗೊಂಡು ಜಗತ್ತಿನಾದ್ಯಂತ 500ಕ್ಕೂ ಹೆಚ್ಚು ಕಡೆ ಹರಡಿದ ಕನ್‌ಫ್ಯೂಷಿಯಸ್ ಸಂಸ್ಥೆಗಳ ಏರ್ಪಾಡು ಬೇರೆಯಾಗಿತ್ತು. ಹಣದ ಒಂದು ಪಾಲು, ಶಿಕ್ಷಕರು, ಪುಸ್ತಕಗಳು ಚೀನ ಸರ್ಕಾರದ ಅಂಗವೊಂದರಿಂದ ಬರುತ್ತಿದ್ದವು. ಕೊಠಡಿ ಮತ್ತು ಹೆಸರು ಆತಿಥ್ಯ ನೀಡಿದ ವಿಶ್ವವಿದ್ಯಾಲಯದ್ದು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯ 2013ರಲ್ಲಿ ತನ್ನಲ್ಲಿದ್ದ ಸಂಸ್ಥೆಯನ್ನು ಮುಚ್ಚಿತು. ಅಲ್ಲಿಗೆ ಬಂದ ಶಿಕ್ಷಕಿಯೊಬ್ಬರ ನೇಮಕಾತಿಯಲ್ಲಿ ಒಂದು ಪಂಥಕ್ಕೆ ಸೇರಿರಬಾರದೆಂಬ ಕಟ್ಟುಪಾಡು ಇದ್ದದ್ದೇ ಅದಕ್ಕೆ ಕಾರಣ. ಭಾರತದಲ್ಲಿ 2020ರಲ್ಲಿ ಕೇಂದ್ರ ಸರ್ಕಾರ ಮುಂಬಯಿಯದೂ ಸೇರಿದಂತೆ ಇಂಥ ಸಂಸ್ಥೆಗಳ ಪರಿಶೀಲನೆಗೆ ತೊಡಗಿತು.

ಚೀನೀ ಭಾಷೆಯನ್ನು ಕಲಿಯಬೇಡಿ ಎಂದು ಇದರ ಅರ್ಥವಲ್ಲ. ನೆರೆಯವನ ಭಾಷೆ ಬಾರದೆ ನೆರೆಯವನನ್ನು ಅರಿಯುವುದು ಸಾಧ್ಯವಿಲ್ಲ. ಶಾಂತಿನಿಕೇತನದಲ್ಲಿ 1937ರಲ್ಲಿ ರವೀಂದ್ರನಾಥ ಠಾಕೂರರು ತೆರೆದ ಚೀನಾಭವನಕ್ಕೂ ಚೀನದಿಂದ ಹಣ ಬಂದಿತ್ತು, ಪುಸ್ತಕಗಳು ಬಂದಿದ್ದವು. ಅದರ ಮೊದಲ ನಿರ್ದೇಶಕರಾದ ತಾನ್ ಯುನ್‌ಷಾನ್ ಅವರೇ ಚೀನದವರು. ಆದರೆ ಅದು ವಿಶ್ವಭಾರತಿಯ ವಿಭಾಗವಾಗಿ ಬೆಳೆಯಿತು. ಕಡಿವಾಣ ವಿಶ್ವಭಾರತಿಯ ಕೈಯಲ್ಲೇ ಉಳಿಯಿತು. ಆದ್ದರಿಂದಲೇ ಚೀನದಲ್ಲಿ ಸರ್ಕಾರಗಳು ಬದಲಾದರೂ, ಯುದ್ಧ ಬಂದರೂ ಚೀನಾಭವನ ಉಳಿದುಕೊಂಡಿತು. ದಾನ ಬಂದಿತೋ ಇಲ್ಲವೋ ಎಂಬುದು ಮುಖ್ಯವಲ್ಲ. ದಾನದ ಜೊತೆ ಕಡಿವಾಣವೂ ಬಂದಿತೋ ಎಂಬುದು ಮುಖ್ಯ.

ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನೀಸರನ್ನು ನೆನೆಯದೆ ಈ ವಿಷಯವನ್ನು ಮುಗಿಸಲಾಗದು. ಸಿದ್ಧರಾಮನ ಆ ಸೊಲ್ಲಾಪುರ ನಮ್ಮಲ್ಲಿ ಅನೇಕರು ಊರಿಗೆ ಹೋಗುವ ದಾರಿಯಲ್ಲೇ ಇದೆ. 1910ರಲ್ಲಿ ಅಲ್ಲಿ ಹುಟ್ಟಿ, ಮುಂಬಯಿಯಲ್ಲಿ ವೈದ್ಯ ಕಲಿತ ಕೋಟ್ನೀಸರು, ಜಪಾನಿನ ದಾಳಿಗೆ ಸಿಕ್ಕಿದ್ದ ಚೀನದ ಜನರ ಶುಶ್ರೂಷೆಗೆಂದು 1938ರಲ್ಲಿ ಕಾಂಗ್ರೆಸ್ ಕಳುಹಿಸಿದ ಐವರು ವೈದ್ಯರ ತಂಡದಲ್ಲಿದ್ದರು. ಉಳಿದವರು ಹಿಂದಿರುಗಿದರು, ಇವರು ಅಲ್ಲಿಯೇ ನಿಂತು, ಗಾಯಾಳುಗಳ ಸೇವೆ ಮಾಡುತ್ತ, 1942ರ ಡಿಸೆಂಬರ್ 9ರಂದು ಕೇವಲ 32ರ ವಯಸ್ಸಿನಲ್ಲಿ ತೀರಿಕೊಂಡರು. ವ್ಹಿ. ಶಾಂತಾರಾಮರು 1946ರಲ್ಲಿ ಅವರ ಕಥೆಯನ್ನು ಚಲನಚಿತ್ರವಾಗಿಸಿದರು. ಚೀನದ ನಾಯಕರು ಭಾರತಕ್ಕೆ ಬಂದಾಗ ಕೋಟ್ನೀಸರ ಮನೆಯವರನ್ನು ಕಾಣುವುದು ಒಂದು ವಾಡಿಕೆಯಾಗಿತ್ತು. 2006ರಲ್ಲಿ ಹು ಜಿಂತಾವೊ, 2013ರಲ್ಲಿ ಲಿ ಕೆಚಿಯಾಂಗ್, 2014ರಲ್ಲಿ ಷಿ ಜಿನ್‌ಪಿಂಗ್ ಹಾಗೆಯೇ ಮಾಡಿದರು. ಆ ಕೃತಜ್ಞತೆ ಸುಳ್ಳೆಂದು ಹೇಳಲು ನನಗೆ ಮನಸ್ಸಿಲ್ಲ. ಚೀನದ ಸಾಮಾನ್ಯ ಜನ ಆತನನ್ನು ನಿಜವಾಗಿಯೂ ಪ್ರೀತಿಸಿದ್ದಾರೆ. ಆದರೆ ಒಬ್ಬ ಸತ್ತ ವೈದ್ಯನನ್ನು ಎರಡು ಪ್ರಭುತ್ವಗಳ ನಡುವಣ ಶಿಷ್ಟಾಚಾರದ ವಸ್ತುವಾಗಿ ಮಾಡಿದಾಗ ಆತನ ಅರ್ಧ ಬದುಕು ಮರೆಯಾಗುತ್ತದೆ. ಕೋಟ್ನೀಸರನ್ನು ಕಳುಹಿಸಿದ್ದು ಯಾವ ಸರ್ಕಾರವೂ ಅಲ್ಲ. ತಾನೇ ದಾಸ್ಯದಲ್ಲಿದ್ದ ಒಂದು ದೇಶದ ಜನ, ದಾಳಿಗೊಳಗಾದ ಇನ್ನೊಂದು ದೇಶದ ಜನಕ್ಕಾಗಿ ಕಾಸು ಕೂಡಿಸಿ ಕಳುಹಿಸಿದರು. ಆ ಗೆಳೆತನದ ಲೆಕ್ಕಪತ್ರ ಬಯಲಿನಲ್ಲಿತ್ತು.

ಇಲ್ಲಿಯವರೆಗೆ ಹೇಳಿದ್ದು ಪ್ರಭುತ್ವ ಹೊರಗಿನವರನ್ನು ಒಲಿಸಿಕೊಳ್ಳುವ ಬಗೆ. ತನ್ನವರೇ ಆಗಿ ಹೊರಗೆ ನೆಲೆಸಿದವರನ್ನು ಅದು ಹೇಗೆ ಬಳಸುತ್ತದೆ? ಹೊರನಾಡಿಗರಾದ ನಮಗೆ ಇದು ಎಲ್ಲಕ್ಕಿಂತ ಹತ್ತಿರದ ಪ್ರಶ್ನೆ. ಆಗ್ನೇಯ ಏಷ್ಯ, ಆಸ್ಟ್ರೇಲಿಯ, ಅಮೆರಿಕಗಳಲ್ಲಿ ನೆಲೆಸಿದ ಚೀನೀಯರು ನಮ್ಮಂತೆಯೇ ಸಂಘಗಳನ್ನು ಕಟ್ಟಿಕೊಂಡಿದ್ದಾರೆ; ವಾರಾಂತ್ಯದ ಭಾಷಾಶಾಲೆ, ಹಬ್ಬದ ಊಟ, ಪತ್ರಿಕೆ ಎಲ್ಲವೂ ಉಂಟು. 2018ರಲ್ಲಿ ಚೀನವು ಅನಿವಾಸಿ ಚೀನೀಯರ ವ್ಯವಹಾರ ನೋಡಿಕೊಳ್ಳುತ್ತಿದ್ದ ಕಚೇರಿಯನ್ನು ಪಕ್ಷದ ಐಕ್ಯರಂಗ ವಿಭಾಗದೊಳಕ್ಕೆ ಸೇರಿಸಿತು. ಎಂದರೆ ಹೊರಗಿರುವ ಬಂಧುಗಳ ಯೋಗಕ್ಷೇಮ ಎಂಬುದು ಪಕ್ಷಕ್ಕೆ ಬೆಂಬಲ ಕೂಡಿಸುವ ಕೆಲಸದ ಒಂದು ಶಾಖೆಯಾಯಿತು. ಅಲ್ಲಿನ ಅನೇಕ ಚೀನೀ ಭಾಷಾ ಪತ್ರಿಕೆಗಳು ಜಾಹೀರಾತಿನ ಆಸೆಯಿಂದಲೋ, ಊರಿನಲ್ಲಿರುವ ಬಂಧುಗಳ ಮೇಲಿನ ಅಂಜಿಕೆಯಿಂದಲೋ ತಾಯ್ನಾಡಿನ ಸರ್ಕಾರಕ್ಕೆ ಒಗ್ಗುವ ದನಿಯಲ್ಲಿ ಮಾತನಾಡತೊಡಗಿದವು. ಊರಿನ ನೆನಪು ಎಂಬ ಕೋಮಲವಾದ ಎಳೆಯೇ ಹಗ್ಗವಾಯಿತು.

ಇದರ ಮತ್ತೊಂದು ಮುಖವನ್ನೂ ಹೇಳಲೇಬೇಕು. 1962ರಲ್ಲಿ ಭಾರತ ಸರ್ಕಾರವು ತಲೆಮಾರುಗಳಿಂದ ಇಲ್ಲಿಯೇ ನೆಲೆಸಿದ್ದ ಸುಮಾರು 3,000 ಚೀನೀ ಮೂಲದವರನ್ನು ಹಿಡಿದು ರಾಜಸ್ಥಾನದ ದೇವಲಿಯ ಶಿಬಿರದಲ್ಲಿಟ್ಟಿತು. ಅವರಲ್ಲಿ ಮಕ್ಕಳಿದ್ದರು, ಮುದುಕರಿದ್ದರು. ಅವರು ಮಾಡಿದ ಅಪರಾಧ ಅವರ ಮುಖಚಹರೆ. ಮುಂಬಯಿಯ ಮಝಗಾಂವ್‌ನಲ್ಲಿ ಒಂದು ಪುಟ್ಟ ಚೀನೀ ಗುಡಿ ಇಂದಿಗೂ ಇದೆ. ಅದರ ಸುತ್ತ ಇದ್ದ ಮನೆತನಗಳು ಮಾತ್ರ ಬಹುಪಾಲು ಚದುರಿಹೋಗಿವೆ. 2020ರಲ್ಲಿ ಸಹ ಈಶಾನ್ಯ ರಾಜ್ಯಗಳ ಹುಡುಗ ಹುಡುಗಿಯರು ನಮ್ಮ ನಗರಗಳ ಬೀದಿಗಳಲ್ಲಿ "ಚೀನೀ" ಎಂಬ ಬೈಗುಳ ಕೇಳಿದರು. 2023ರ ಅಕ್ಟೋಬರಿನಲ್ಲಿ ದಿಲ್ಲಿಯ ಸುದ್ದಿಸಂಸ್ಥೆಯೊಂದರ ಸಂಪಾದಕರನ್ನು ಚೀನದ ಹಣದ ಆರೋಪದ ಮೇಲೆ ಬಂಧಿಸಲಾಯಿತು. ಬಂಧನದ ಕಾರಣಗಳನ್ನು ಬರಹದಲ್ಲಿ ತಿಳಿಸಿಲ್ಲವೆಂದು ಸುಪ್ರೀಂ ಕೋರ್ಟು 2024ರ ಮೇ 15ರಂದು ಆ ಬಂಧನವನ್ನೇ ಅಸಿಂಧುಗೊಳಿಸಿತು. ಆರೋಪದ ಸತ್ಯಾಸತ್ಯತೆ ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ವಿದೇಶಿ ಪ್ರಭಾವ ಎಂಬ ಮಾತು ವಿಚಾರಣೆಗೆ ಬದಲಿಯಾದರೆ ಅದು ಸ್ವದೇಶಿ ಪ್ರಭುತ್ವದ ಕೈಗೆ ಸಿಕ್ಕ ದೊಣ್ಣೆಯಾಗುತ್ತದೆ ಎಂಬುದನ್ನು ನಾವು ಮರೆಯಕೂಡದು.

ನಾವು ಇದನ್ನು ಇತರರಿಗಿಂತ ಚೆನ್ನಾಗಿ ಬಲ್ಲೆವು. 1960ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಎದ್ದ ಅಲೆಯಲ್ಲಿ ಉಡುಪಿ ಹೋಟೆಲುಗಳ ಗಾಜು ಒಡೆದದ್ದನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. 2022ರ ಡಿಸೆಂಬರಿನಲ್ಲಿ ಬೆಳಗಾವಿಯ ಬಳಿ ಮಹಾರಾಷ್ಟ್ರದ ವಾಹನಗಳ ಮೇಲೆ ಕಲ್ಲು ಬಿತ್ತು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಅಂಥ ದಿನಗಳಲ್ಲಿ ನಾವು ಯಾರ ಕಡೆಯವರು ಎಂಬ ಪ್ರಶ್ನೆ ನಮ್ಮ ಬಾಗಿಲಿಗೆ ಬರುತ್ತದೆ. ನೆರೆಮನೆಯವರು ನಗುತ್ತಲೇ ಕೇಳುತ್ತಾರೆ, ನನ್ನನ್ನೂ ಕೇಳಿದ್ದಾರೆ. ಒಂದು ಕಡೆ ತಾಯ್ನಾಡಿನ ರಾಜಕಾರಣ ನಮ್ಮನ್ನು ತನ್ನ ಕಾಲಾಳುಗಳೆಂದು ಎಣಿಸುತ್ತದೆ. ಇನ್ನೊಂದು ಕಡೆ ಅನ್ನ ಕೊಟ್ಟ ನಾಡು ನಮ್ಮನ್ನು ಹೊರಗಿನವರೆಂದು ಸಂಶಯಿಸುತ್ತದೆ. ಸಾಗರದಾಚೆಯ ಚೀನೀ ಸಂಘದ ಕಾರ್ಯದರ್ಶಿಯ ಸಂಕಟವೂ ಹೀಗೆಯೇ ಇದೆ.

ಈಗ ನನ್ನ ಮಾತಿನ ಮುಖ್ಯ ಭಾಗಕ್ಕೆ ಬಂದೆ. ನಮ್ಮ ಹೊರನಾಡ ಸಂಘಗಳಿಗೆ ಕರ್ನಾಟಕ ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಪ್ರಾಧಿಕಾರಗಳು, ಅಕಾಡೆಮಿಗಳು ಆಗಾಗ ನೆರವಾಗುತ್ತವೆ. ಇದು ನಮ್ಮ ಹಕ್ಕೂ ಹೌದು, ಅವುಗಳ ಕರ್ತವ್ಯವೂ ಹೌದು. ಕರ್ನಾಟಕ ಚೀನವಲ್ಲ, ಅಲ್ಲಿನ ಸರ್ಕಾರವನ್ನು ಜನ ಆರಿಸುತ್ತಾರೆ, ಇಳಿಸುತ್ತಾರೆ. ಹಾಗಿದ್ದರೂ ಅನುದಾನ ಬಂದ ವರ್ಷ ವೇದಿಕೆಯ ಮೇಲೆ ಯಾರ ಕುರ್ಚಿ ದೊಡ್ಡದಾಗಿರುತ್ತದೆ? ಯಾವ ಲೇಖನ ಮುಂದಿನ ಸಂಚಿಕೆಗೆ ಇರಲಿ ಎಂದು ಪಕ್ಕಕ್ಕೆ ಸರಿಯುತ್ತದೆ? ಅಭಿನಂದನ ಪತ್ರದಲ್ಲಿ ಯಾವ ಪ್ರಶ್ನೆ ಕಾಣೆಯಾಗುತ್ತದೆ? ಯಾರೂ ನಮಗೆ ಆಜ್ಞೆ ಮಾಡಿರುವುದಿಲ್ಲ. ನಾವಾಗಿಯೇ ಒಂದು ಕ್ಷಣ ತಡೆದಿರುತ್ತೇವೆ. ಇಲ್ಲಿನ ಉದ್ಯಮಿಗಳ ದೇಣಿಗೆಗೂ, ನಗರಸಭೆಯ ಚುನಾವಣೆಯ ಹೊತ್ತಿಗೆ ನಮ್ಮ ಅಂಗಳಕ್ಕೆ ಬರುವ ರಾಜಕಾರಣಿಗಳ ಔದಾರ್ಯಕ್ಕೂ ಈ ಮಾತು ಸಲ್ಲುತ್ತದೆ.

ಆದ್ದರಿಂದ ಗೆಳೆತನದ ಹೆಸರಿನಲ್ಲಿ ಬರುವ ಯಾವುದಕ್ಕೂ, ಅದು ಬೀಜಿಂಗಿನಿಂದ ಬರಲಿ, ಬೆಂಗಳೂರಿನಿಂದ ಬರಲಿ, ನಮ್ಮ ವಾರ್ಡಿನಿಂದಲೇ ಬರಲಿ, ಮೂರು ಪ್ರಶ್ನೆಗಳನ್ನು ಕೇಳೋಣ. ಹಣ ಯಾರದು, ಅದು ಬಯಲಿನಲ್ಲಿ ಬರೆದಿಡಬಹುದಾದ ಹಣವೆ? ಅದನ್ನು ಪಡೆದ ಮೇಲೆ ಯಾವ ಮಾತನ್ನು ಆಡಲಾಗದು? ನಾಳೆ ಅದನ್ನು ಬೇಡವೆಂದು ಹಿಂತಿರುಗಿಸಿದರೆ ನಮ್ಮ ಶಾಲೆ, ಗ್ರಂಥಾಲಯ, ಪತ್ರಿಕೆ ನಿಲ್ಲಬಲ್ಲವೆ? ಮೂರಕ್ಕೂ ನೆಮ್ಮದಿಯ ಉತ್ತರ ದೊರೆತರೆ ಕೈನೀಡಿ ಪಡೆಯೋಣ, ಸಂಕೋಚ ಬೇಡ.

ಸಮಿತಿಯ ಮುಂದೆ ಎರಡು ಸಣ್ಣ ಸೂಚನೆಗಳನ್ನು ಇಡುತ್ತೇನೆ. ಸಂಘಕ್ಕೆ ಬಂದ ಪ್ರತಿಯೊಂದು ಅನುದಾನ, ದೇಣಿಗೆ, ಜಾಹೀರಾತಿನ ಮೊತ್ತವನ್ನೂ ಕೊಟ್ಟವರ ಹೆಸರಿನೊಡನೆ ಈ ತ್ರೈಮಾಸಿಕದಲ್ಲಿ ವರ್ಷಕ್ಕೊಮ್ಮೆ ಅಚ್ಚುಮಾಡೋಣ. ಪತ್ರಿಕೆಯ ಮುದ್ರಣ ವೆಚ್ಚವನ್ನಾದರೂ ಚಂದಾದಾರರ ಹಣದಿಂದಲೇ ಭರಿಸುವಷ್ಟು ಚಂದಾದಾರರನ್ನು ಕೂಡಿಸೋಣ. ಥಾಣೆಯಿಂದ ಕಲ್ಯಾಣದವರೆಗೆ, ಐರೋಲಿಯಿಂದ ಪನ್ವೇಲದವರೆಗೆ ಇರುವ ಕನ್ನಡ ಮನೆಗಳಲ್ಲಿ ಇದು ಅಸಾಧ್ಯದ ಸಂಖ್ಯೆಯಲ್ಲ. ಹಾಗಾದಾಗ ಚೀನವನ್ನೂ, ದಿಲ್ಲಿಯನ್ನೂ, ಬೆಂಗಳೂರನ್ನೂ, ಮುಂಬಯಿಯನ್ನೂ ನಾವು ಒಂದೇ ದನಿಯಲ್ಲಿ ವಿಮರ್ಶಿಸಬಹುದು, ಮೆಚ್ಚಬೇಕಾದಾಗ ಮೆಚ್ಚಲೂಬಹುದು.

2025ರಲ್ಲಿ ಕೈಲಾಸ ಮಾನಸಸರೋವರದ ಯಾತ್ರೆ ಮತ್ತೆ ಆರಂಭವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಎರಡು ದೇಶಗಳ ನಡುವಣ ನೇರ ವಿಮಾನಗಳೂ ಮತ್ತೆ ಹಾರಿದವು. ಗೆಳೆತನದ ಮಾತುಗಳು ಇನ್ನು ಹೆಚ್ಚಾಗಿ ಕೇಳಿಬರಲಿವೆ. ಅವುಗಳನ್ನು ಸ್ವಾಗತಿಸಲು ನಾನು ಹಿಂಜರಿಯುವುದಿಲ್ಲ, ಏಕೆಂದರೆ ಯುದ್ಧಕ್ಕಿಂತ ಮಾತು ಮೇಲು. ಆದರೆ ಮಾತು ಕೇಳುತ್ತಿರುವಾಗ ಅದರ ಖರ್ಚಿನ ಚೀಟಿಯನ್ನೂ ಕೇಳುವ ಅಭ್ಯಾಸ ನಮ್ಮ ಮಕ್ಕಳಿಗೆ ಬರಲಿ. ಅದನ್ನು ಕಲಿಸುವ ಕೆಲಸ ಬೇರೆ ಯಾವ ಸರ್ಕಾರವೂ ಮಾಡುವುದಿಲ್ಲ. ನಮ್ಮ ಸಂಘದ ರವಿವಾರದ ಕನ್ನಡ ತರಗತಿಯಲ್ಲಿಯೇ ಅದು ಆಗಬೇಕು.